ಮರಣದಂಡನೆ: ಕೈದಿ ಮತ್ತು ಕುಟುಂಬ

ಮರಣದಂಡನೆಯ ಯಾತನೆ ಕೈದಿಗೂ ಮನೆಯವರಿಗೂ ಕಾಯುವಿಕೆಯಲ್ಲೇ ಶುರುವಾಗುತ್ತದೆ. 22 ಜೀವಗಳನ್ನು ಬಲಿ ಪಡೆದ 1993ರ ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣದಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲುಶಿಕ್ಷೆಗೆ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ, ಒಂಬತ್ತು ವರ್ಷಗಳ ನಂತರ. ಕೈದಿಗಳಿದ್ದದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ, ಬಂಧುಗಳು ಕೊಳ್ಳೇಗಾಲದ ಕಡೆಯವರು; ಒಂದು ಭೇಟಿಗೆ ಇಡೀ ರಾಜ್ಯ ದಾಟಬೇಕಿತ್ತು. ಅದೇ ವರ್ಷ ದೆಹಲಿಯ ತಿಹಾರ್ ಜೈಲಿನಲ್ಲಿ ಸಂಸತ್ ದಾಳಿ ಪ್ರಕರಣದ ಅಪರಾಧಿ ಅಫ್ಜಲ್ ಗುರುವನ್ನು ನೇಣಿಗೇರಿಸಿದಾಗ, ಸರ್ಕಾರದ ಸ್ಪೀಡ್ ಪೋಸ್ಟ್ ಕಾಶ್ಮೀರದ ಮನೆಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಕುಟುಂಬಕ್ಕೆ ಇದಕ್ಕಿಂತ ಕ್ರೂರವಾದ ಸುದ್ದಿಯಿಲ್ಲ. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್, ಮುಖ್ಯವಾಗಿ ವಿಳಂಬದ ಕಾರಣಕ್ಕೆ, ಪಾಲಾರ್ ಪ್ರಕರಣದ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅರ್ಜಿ ತಿರಸ್ಕೃತವಾದ ಸುದ್ದಿ ತಿಳಿಸಿದ ಮೇಲೆ ಗಲ್ಲಿಗೆ ಮುನ್ನ 14 ದಿನಗಳ ಅವಧಿ, ಕುಟುಂಬದೊಂದಿಗೆ ಕೊನೆಯ ಭೇಟಿ ಕಡ್ಡಾಯವೆಂದಿತು.