ಋಷಿಋಣದಿಂದ ಬ್ಯಾಂಕ್ ಸಾಲದವರೆಗೆ

ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂಬುದು ನಮ್ಮ ಹಿರಿಯರ ನಂಬಿಕೆ: ದೇವಋಣ, ಪಿತೃಋಣ, ಋಷಿಋಣ. ಮೂರನೆಯದು ವಿದ್ಯೆಯ ಸಾಲ. ಅದನ್ನು ತೀರಿಸಲು ಹಣ ಬೇಕಾಗಿರಲಿಲ್ಲ. ತಾನು ಕಲಿಯಬೇಕು, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಬೇಕು, ಅಷ್ಟೆ. ಇಂದು ಎಂಜಿನಿಯರಿಂಗ್ ಸೀಟು ಸಿಕ್ಕ ಮಗಳನ್ನು ಕರೆದುಕೊಂಡು ಬ್ಯಾಂಕ್ ಮ್ಯಾನೇಜರರ ಮುಂದೆ ಕುಳಿತ ತಂದೆಯ ಕೈಯಲ್ಲಿರುವುದೂ ವಿದ್ಯೆಯ ಸಾಲದ ಪತ್ರವೇ. ಆದರೆ ಅದಕ್ಕೆ ಬಡ್ಡಿ ಉಂಟು, ಕಂತು ಉಂಟು, ಗಡುವು ಉಂಟು. ಮೊದಲನೆಯದರ ಜಾಗಕ್ಕೆ ಎರಡನೆಯದು ಬಂದ ಕಥೆ ಬಹಳ ಹಳೆಯದೇನಲ್ಲ. ಅದರಲ್ಲಿ ಕರ್ನಾಟಕದ ಪಾಲೂ ದೊಡ್ಡದು.

ನಮ್ಮ ಅಜ್ಜಂದಿರ ಕಾಲದಲ್ಲಿ ಬಡಹುಡುಗ ಓದುತ್ತಿದ್ದುದು ವಾರಾನ್ನದಿಂದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಈ ಪದ್ಧತಿಯನ್ನು ಈಗ ಅಕ್ಕರೆಯಿಂದ ನೆನೆಯುವವರು, ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಸಿದ್ಧಗಂಗೆಯಂಥ ಮಠಗಳ ಉಚಿತ ವಸತಿ ಶಾಲೆಗಳು ಮತ್ತು ಬೇರೆ ಬೇರೆ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು. ಚುರುಕು ಹುಡುಗರಿಗೆ ಸಂಸ್ಥಾನದ ವಿದ್ಯಾರ್ಥಿವೇತನವೂ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸುತ್ತಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದ. ಸಂಸ್ಥಾನ ಆ ಹಣವನ್ನು ವಾಪಸು ಕೇಳಲಿಲ್ಲ. ಮುಂದೆ ಅವರಿಂದ ಅದಕ್ಕೆ ಬಂದದ್ದೇನು ಎಂಬುದು ಕನ್ನಂಬಾಡಿ ಕಟ್ಟೆ ನೋಡಿದವರಿಗೆಲ್ಲ ಗೊತ್ತು.

ಕೊಟ್ಟದ್ದನ್ನು ಹಿಂದಿರುಗಿಸಬೇಕು ಎಂಬ ವಿಚಾರವನ್ನು ನಮ್ಮ ದೇಶದಲ್ಲಿ ವ್ಯವಸ್ಥಿತವಾಗಿ ತಂದವರಲ್ಲಿ ಜಮ್‌ಶೇಟ್‌ಜಿ ಟಾಟಾ ಮೊದಲಿಗರು. 1892ರಲ್ಲಿ ಅವರು ಸ್ಥಾಪಿಸಿದ ದತ್ತಿ, ವಿದೇಶದಲ್ಲಿ ಓದುವವರಿಗೆ ದಾನದ ಬದಲು ಸಾಲ ಕೊಟ್ಟಿತು. ಒಬ್ಬನು ತೀರಿಸಿದ ಹಣ ಇನ್ನೊಬ್ಬನನ್ನು ಹಡಗು ಹತ್ತಿಸಬೇಕು ಎಂಬುದು ಅದರ ಹಿಂದಿನ ಯೋಚನೆ. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್, ನಮ್ಮವರೇ ಆದ ಅಣುವಿಜ್ಞಾನಿ ರಾಜಾ ರಾಮಣ್ಣ ಇಬ್ಬರೂ ಈ ದತ್ತಿಯ ನೆರವು ಪಡೆದವರು.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವೂ ಇದೇ ಹಾದಿ ಹಿಡಿಯಿತು. 1963ರಲ್ಲಿ ಆರಂಭವಾದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯಲ್ಲಿ ಬಡ್ಡಿಯೇ ಇರಲಿಲ್ಲ. ಅದರಲ್ಲೊಂದು ಸೊಗಸಾದ ನಿಯಮವಿತ್ತು: ಸಾಲ ಪಡೆದವನು ಓದು ಮುಗಿಸಿ ಉಪಾಧ್ಯಾಯನಾದರೆ, ಸೇವೆಯ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗ ಮನ್ನಾ. ಹತ್ತು ವರ್ಷ ಪಾಠ ಹೇಳಿದರೆ ಸಾಲವೇ ಇಲ್ಲ! ಋಷಿಋಣದ ಲೆಕ್ಕವನ್ನು ದಿಲ್ಲಿಯ ಕಡತದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದ ಉದಾಹರಣೆ ಇನ್ನೊಂದಿರಲಾರದು. ಆದರೆ ಉಳಿದವರಿಂದ ವಸೂಲಿ ಸರಿಯಾಗಿ ಆಗಲಿಲ್ಲ. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು.

ಅಷ್ಟರಲ್ಲಿ ಕರ್ನಾಟಕದಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. ಸರ್ಕಾರಿ ಕಾಲೇಜುಗಳು ಸಾಲದೆ, ಖಾಸಗಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಊರೂರಲ್ಲಿ ಎದ್ದವು. ಅವುಗಳೊಂದಿಗೆ ಡೊನೇಷನ್ ಎಂಬ ಪದವೂ ಮನೆಮಾತಾಯಿತು. 1984ರಲ್ಲಿ ರಾಜ್ಯ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಮಾಡಿತಾದರೂ, 1989ರ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ಹೇಳಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣವು ಹಕ್ಕು, ಕ್ಯಾಪಿಟೇಷನ್ ಆ ಹಕ್ಕಿನ ನಿರಾಕರಣೆ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟು ಉಚಿತ, ಅರ್ಧ ಶುಲ್ಕದ್ದು ಎಂಬ ಹಂಚಿಕೆ ಬಂತು. ಅದರ ಬೆನ್ನಿಗೇ 1994ರಲ್ಲಿ ನಮ್ಮ ಸಿಇಟಿ. ಈ ಏರ್ಪಾಡಿನಿಂದ ವೈದ್ಯರೂ ಎಂಜಿನಿಯರರೂ ಆದ ರೈತರ, ಗುಮಾಸ್ತರ ಮಕ್ಕಳು ಎಷ್ಟೋ ಮಂದಿ. 2002ರಲ್ಲಿ, ಮಣಿಪಾಲದ ಹೆಸರು ಹೊತ್ತ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಹಂಚಿಕೆಯನ್ನು ತಳ್ಳಿಹಾಕಿತು.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಹುಟ್ಟಿದ್ದು ಅದರ ಹಿಂದಿನ ವರ್ಷ, 2001ರಲ್ಲಿ. ಅದನ್ನು ರೂಪಿಸಿದ ಅಧ್ಯಯನ ತಂಡದ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಅಂದಿನ ಮುಖ್ಯಸ್ಥ ಆರ್.ಜೆ. ಕಾಮತ್. ಹಿತವಾದ ಯೋಜನೆಯೇ. 4 ಲಕ್ಷದವರೆಗೆ ಅಡಮಾನ ಬೇಡ. ಓದು ಮುಗಿಯುವವರೆಗೆ ಕಂತು ಇಲ್ಲ. ಲೇವಾದೇವಿಯವನ ಬಳಿ ಹೊಲದ ಪತ್ರ ಇಡುತ್ತಿದ್ದ ಕುಟುಂಬಕ್ಕೆ ಇದು ದೊಡ್ಡ ಬಿಡುಗಡೆ.

ಆದರೆ ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಬಹಳ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ನಾಲ್ಕು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ, ಶೇಕಡಾ 10ರ ಬಡ್ಡಿಗೆ ಸಾಲ ಪಡೆದರೆಂದುಕೊಳ್ಳಿ. ಓದು ಮುಗಿದು ಒಂದು ವರ್ಷದ ಬಿಡುವೂ ಕಳೆಯುವ ಹೊತ್ತಿಗೆ ಮೊದಲ ಲಕ್ಷಕ್ಕೆ ಐದು ವರ್ಷದ, ಕೊನೆಯ ಲಕ್ಷಕ್ಕೆ ಎರಡು ವರ್ಷದ ಬಡ್ಡಿ ಕೂಡಿರುತ್ತದೆ. ಸರಳ ಬಡ್ಡಿಯಲ್ಲೇ ಅದು ಒಟ್ಟು 1 ಲಕ್ಷ 40 ಸಾವಿರ. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ 4 ಲಕ್ಷವಲ್ಲ, 5 ಲಕ್ಷ 40 ಸಾವಿರ. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 7,100 ರೂಪಾಯಿ ಚಿಲ್ಲರೆ. ತೀರುವ ಹೊತ್ತಿಗೆ ಕಟ್ಟಿದ ಹಣ ಎಂಟೂವರೆ ಲಕ್ಷ ಮೀರುತ್ತದೆ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಸುಮಾರು 80 ಸಾವಿರ ಉಳಿಯುತ್ತದೆ. ಕಂತಿನ ಅವಧಿ ಉದ್ದವಾದಷ್ಟೂ ತಿಂಗಳ ಭಾರ ಇಳಿಯುತ್ತದೆ, ಒಟ್ಟು ಭಾರ ಏರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸಾಲ ಮಾಡಿ ಕೊಂಡ ಎಮ್ಮೆ ಬರಿದಾದರೆ ಮಾರಬಹುದು, ನಿವೇಶನವನ್ನೂ ಮಾರಬಹುದು. ಪದವಿಯನ್ನು ಮಾರಲಾಗದು. ಹುಡುಗ ಮೂರನೆಯ ವರ್ಷದಲ್ಲಿ ಕಾಲೇಜು ಬಿಟ್ಟರೆ ಕೈಗೆ ಪದವಿಯೂ ಇಲ್ಲ, ತಲೆಯ ಮೇಲಿನ ಸಾಲವೂ ಹೋಗುವುದಿಲ್ಲ. ಸಾಮಾನ್ಯವಾಗಿ ಪತ್ರಕ್ಕೆ ರುಜು ಹಾಕಿದ ತಂದೆ ಬರೀ ಸಾಕ್ಷಿಯಲ್ಲ, ಸಹಸಾಲಗಾರ. ಕಂತು ತಪ್ಪಿದರೆ ನೋಟಿಸು ಅವರ ವಿಳಾಸಕ್ಕೂ ಬರುತ್ತದೆ. ಮುಂದೆ ಬೆಳೆಸಾಲಕ್ಕೋ ಮನೆಸಾಲಕ್ಕೋ ಹೋದಾಗ ಹಳೆಯ ಬಾಕಿ ಅಡ್ಡ ನಿಲ್ಲುತ್ತದೆ.

ಸರ್ಕಾರ ಕೈ ಕಟ್ಟಿ ಕುಳಿತಿಲ್ಲವೆನ್ನಿ. 2009ರಲ್ಲಿ, ವರಮಾನ ನಾಲ್ಕೂವರೆ ಲಕ್ಷ ಮೀರದ ಕುಟುಂಬದ ಮಕ್ಕಳು ದೇಶದಲ್ಲೇ ವೃತ್ತಿಶಿಕ್ಷಣ ಪಡೆದರೆ ಓದಿನ ಕಾಲದ ಬಡ್ಡಿಯನ್ನು ತಾನು ಕೊಡುವುದಾಗಿ ಕೇಂದ್ರ ಹೇಳಿತು. 2015ರಲ್ಲಿ ಬ್ಯಾಂಕುಗಳ ಧೈರ್ಯಕ್ಕೆ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಖಾತರಿ ನಿಧಿ ಬಂತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಅದು ಅನ್ವಯಿಸುವುದು ಮಾತ್ರ ಸರ್ಕಾರ ಪಟ್ಟಿ ಮಾಡಿದ ಉನ್ನತ ದರ್ಜೆಯ ಸಂಸ್ಥೆಗಳಿಗೆ, ಅಂದರೆ ಸುಮಾರು 860ಕ್ಕೆ. ತಾಲ್ಲೂಕು ಕೇಂದ್ರದಾಚೆಯ ಪಟ್ಟಿಯಲ್ಲಿಲ್ಲದ ಕಾಲೇಜಿಗೆ, ಮ್ಯಾನೇಜ್‌ಮೆಂಟ್ ಸೀಟಿಗೆ ಸೇರಿದ ಹುಡುಗಿಗೆ ಈಗಲೂ ಹಳೆಯ ಪತ್ರವೇ, ಅದರ ಕೆಳಗೆ ಅಪ್ಪನ ರುಜುವೇ.