ಕಡೂರು ಸೀಮೆಯ ಕಾಲಸೂಚಕ ಗಾದೆಗಳೂ ಚೀನದೇಶದ ನಾಣ್ಣುಡಿಗಳೂ

೧

ಗಾದೆಗೆ ಕಾಲವಿಲ್ಲ, ಕರ್ತೃವಿಲ್ಲ, ಆದುದರಿಂದ ಅದು ಇತಿಹಾಸಕ್ಕೆ ಪ್ರಮಾಣವಾಗಲಾರದೆಂಬುದು ವಿದ್ವಾಂಸರಲ್ಲಿ ರೂಢವಾದ ಅಭಿಪ್ರಾಯ. ೧೮೯೪ರಲ್ಲಿ ಪ್ರಕಟವಾದ ತಮ್ಮ ಕೋಶದಲ್ಲಿ ಕಿಟ್ಟೆಲ್ ಪಂಡಿತರು ಕವಿಪ್ರಯೋಗಗಳ ಪಕ್ಕದಲ್ಲಿಯೇ ಗಾದೆಗಳನ್ನೂ ಪ್ರಯೋಗಪ್ರಮಾಣವಾಗಿ ಎತ್ತಿಕೊಟ್ಟು ಶಬ್ದಶಾಸ್ತ್ರದಲ್ಲಿ ಅವುಗಳಿಗೆ ಗೌರವವನ್ನು ಕಲ್ಪಿಸಿದರು. ಇತಿಹಾಸದಲ್ಲಿ ಆ ಗೌರವವು ಇನ್ನೂ ಪೂರ್ಣವಾಗಿ ಸಂದಿಲ್ಲ. ಇದಕ್ಕೆ ಪ್ರತಿಯಾಗಿ, ಎರಡು ದೂರದೇಶಗಳ ಗಾದೆಗಳು ಒಂದೇ ಅರ್ಥವನ್ನು ಹೇಳಿದರೆ ಒಂದು ಮತ್ತೊಂದರಿಂದ ಬಂದಿರಬೇಕೆಂದು ಊಹಿಸುವ ಪಕ್ಷವೂ ಒಂದುಂಟು. ಈ ಎರಡು ಪಕ್ಷಗಳೂ ಸಮೀಚೀನವಲ್ಲವೆಂಬುದನ್ನು ಕಾಲದ ಮಾರ್ಪಾಡು, ಏಳುಬೀಳು, ಆಯುಸ್ಸಿನ ಅವಸ್ಥೆಗಳು ಎಂಬೀ ಮೂರು ವಿಷಯಗಳನ್ನು ಕುರಿತ ನುಡಿಗಳಿಂದ ತೋರಿಸಬಹುದು.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಗಾದೆಗಳು ಕನ್ನಡನಾಡಿಗೆಲ್ಲ ಸಾಮಾನ್ಯವಾದವು. ಆದರೆ ಬೀರೂರು, ಕಡೂರು, ತರೀಕೆರೆ, ಅಜ್ಜಂಪುರಗಳನ್ನೊಳಗೊಂಡ ಸೀಮೆಯಲ್ಲಿ ಅವುಗಳ ಅರ್ಥಕ್ಕೆ ನೆಲದ ಮೇಲೆಯೇ ಸಾಕ್ಷ್ಯ ದೊರೆಯುವುದರಿಂದ, ಪರೀಕ್ಷೆಗೆ ಆ ಸೀಮೆಯು ಅನುಕೂಲವಾಗಿದೆ.

೨

ಚೀನದ ನಾಣ್ಣುಡಿಗಳಲ್ಲಿ ಪ್ರಧಾನವಾದ ವರ್ಗಕ್ಕೆ ಚೆಂಗ್‌ಯು ಎಂದು ಹೆಸರು. ಇವು ಬಹುಮಟ್ಟಿಗೆ ನಾಲ್ಕೇ ಅಕ್ಷರಗಳ ಸಮಾಸಗಳು. ಪ್ರತಿಯೊಂದು ಅಕ್ಷರವೂ ಒಂದು ಪದವಾದುದರಿಂದ ನಾಲ್ಕಕ್ಷರದಲ್ಲಿ ಒಂದು ಕಥೆಯೇ ಅಡಗಿರಲು ಅವಕಾಶವುಂಟು. ಗಡಿನಾಡಿನ ಮುದುಕನೊಬ್ಬನ ಕುದುರೆ ಕಳೆದುಹೋಗಿ, ಆ ನಷ್ಟವೇ ಲಾಭವಾಗಿ, ಲಾಭವೇ ಮತ್ತೆ ನಷ್ಟವಾಗಿ, ಕಡೆಗೆ ಆ ನಷ್ಟದಿಂದಲೇ ಮಗನ ಪ್ರಾಣ ಉಳಿದ ಕಥೆಯು ಕ್ರಿಸ್ತಪೂರ್ವ ಎರಡನೆಯ ಶತಮಾನದ ಹುವಾಯ್‌ನಾನ್‌ಜಿ ಎಂಬ ಗ್ರಂಥದಲ್ಲಿದೆ. ಮುದುಕ, ಕುದುರೆ ಎಂಬಷ್ಟನ್ನು ಹೇಳಿದರೆ ಸಾಕು, ಕೇಳಿದವನು ಉಳಿದುದನ್ನು ತಿಳಿಯುವನು. ಸಮುದ್ರವು ಹಿಪ್ಪುನೇರಳೆಯ ತೋಟವಾಯಿತೆಂಬ ನುಡಿಗೆ ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬವನ ಹೆಸರಿನಲ್ಲಿರುವ ಸಿದ್ಧಪುರುಷರ ಚರಿತ್ರೆಯು ಮೂಲ. ನವಣೆಯಂತಹ ಧಾನ್ಯವು ಒಲೆಯ ಮೇಲೆ ಬೇಯುವಷ್ಟರಲ್ಲಿ ಒಬ್ಬನು ಕನಸಿನಲ್ಲಿ ಮಂತ್ರಿಪದವಿಯನ್ನೇರಿ ಮುಪ್ಪಾಗಿ ಎಚ್ಚರಗೊಂಡ ಕಥೆಯನ್ನು ತಾಂಗ್ ರಾಜವಂಶದ ಕಾಲದ ಶೆನ್ ಜಿಜಿ ಬರೆದನು.

ಹೀಗೆ ಚೀನದ ನುಡಿಗೆ ಗ್ರಂಥವು ತಾಯಿ. ಕನ್ನಡದ ಗಾದೆಗೆ ಗ್ರಂಥವಲ್ಲ, ಕಸುಬು ತಾಯಿ. ಅಲ್ಲಿ ನುಡಿಯ ಮೂಲವನ್ನು ಪುಸ್ತಕಭಂಡಾರದಲ್ಲಿ ಅರಸಬೇಕು. ಇಲ್ಲಿ ಹೊಲ, ಕೆರೆ, ದೊಡ್ಡಿ, ಕಂದಾಯದ ಲೆಕ್ಕ ಇವುಗಳಲ್ಲಿ ಅರಸಬೇಕು. ಇಷ್ಟು ಭೇದವಿದ್ದರೂ ಎರಡು ಕಡೆಯ ನುಡಿಗಳು ಒಂದು ಸ್ಥಳದಲ್ಲಿ ಆಶ್ಚರ್ಯಕರವಾಗಿ ಸಂಧಿಸುತ್ತವೆ. ಅದು ಅರವತ್ತು ಎಂಬ ಸಂಖ್ಯೆ.

೩

ಪ್ರಭವಾದಿ ಅರವತ್ತು ಸಂವತ್ಸರಗಳ ಚಕ್ರವು ಗುರುಗ್ರಹದ ಗತಿಯಿಂದ ಹುಟ್ಟಿದುದು. ಗುರುವು ರಾಶಿಚಕ್ರವನ್ನು ಸುಮಾರು ಹನ್ನೆರಡು ವರ್ಷಗಳಲ್ಲಿ ಸುತ್ತುವನು. ಅಂತಹ ಐದು ಸುತ್ತುಗಳು ಅರವತ್ತು. ಗುರುವಿನ ನಿಜವಾದ ಗತಿ ಇದಕ್ಕಿಂತ ತುಸು ಶೀಘ್ರವಾದುದರಿಂದ ಉತ್ತರದೇಶದಲ್ಲಿ ಸುಮಾರು ೮೫ ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಲೋಪಮಾಡುವ ಪದ್ಧತಿಯುಂಟು. ದಕ್ಷಿಣದಲ್ಲಿ ಅದನ್ನು ಬಿಟ್ಟು ಹೆಸರುಗಳನ್ನು ಸಾಲಾಗಿ ಎಣಿಸುತ್ತಾರೆ. ಚೀನೀಯರಾದರೋ ಹತ್ತು ‘ಕಾಂಡ’ಗಳನ್ನೂ ಹನ್ನೆರಡು ‘ಶಾಖೆ’ಗಳನ್ನೂ ಜೊತೆಗೂಡಿಸಿ ಅರವತ್ತು ಹೆಸರುಗಳನ್ನು ಪಡೆದರು, ಇದನ್ನು ಮೊದಲು ದಿನಗಳ ಎಣಿಕೆಗೂ ಅನಂತರ ವರ್ಷಗಳ ಎಣಿಕೆಗೂ ಬಳಸಿದರು. ಹನ್ನೆರಡೆಂಬ ಸಂಖ್ಯೆಗೆ ಅಲ್ಲಿಯೂ ಗುರುಗ್ರಹದ ಸಂಬಂಧವುಂಟು. ಆದರೆ ಅರವತ್ತನ್ನು ಕಟ್ಟಿದ ಕ್ರಮ ಬೇರೆ. ೧೯೨೪ರಲ್ಲಿಯೂ ೧೯೮೪ರಲ್ಲಿಯೂ ಚೀನದ ಚಕ್ರವು ಮೊದಲಾಯಿತು. ದಕ್ಷಿಣದ ಪ್ರಭವ ಸಂವತ್ಸರವು ೧೯೨೭ರಲ್ಲಿಯೂ ೧೯೮೭ರಲ್ಲಿಯೂ ಬಂದಿತು. ಒಂದೇ ಅಳತೆಯ ಎರಡು ಗಾಲಿಗಳು ಮೂರು ವರ್ಷಗಳ ಅಂತರದಲ್ಲಿ ಉರುಳುತ್ತಿರುವುವೆಂದು ಹೇಳಬಹುದು.

ಇದರ ಫಲವು ನುಡಿಗಳಲ್ಲಿ ಸ್ಪಷ್ಟವಾಗಿದೆ. ಅರವತ್ತು ತುಂಬಿದವನು ತಾನು ಹುಟ್ಟಿದ ಸಂವತ್ಸರದ ಹೆಸರನ್ನು ಮತ್ತೆ ಕಾಣುವನು. ಕನ್ನಡಿಗರು ಷಷ್ಟ್ಯಬ್ದಪೂರ್ತಿಶಾಂತಿಯನ್ನು ಮಾಡುವುದು ಇದಕ್ಕಾಗಿಯೇ. ಚೀನೀಯರು ಅರವತ್ತಕ್ಕೆ ಚಕ್ರದ ಹೆಸರನ್ನೇ ಇಟ್ಟು ‘ಹುವಾಜಿಯ’ ಎನ್ನುತ್ತಾರೆ. ಎಪ್ಪತ್ತಕ್ಕೆ ಇಲ್ಲಿ ಭೀಮರಥಶಾಂತಿ. ಅಲ್ಲಿ ಕವಿ ದು ಫುವಿನ ಪ್ರಯೋಗದಿಂದ ಬಂದ ‘ಪುರಾತನವಿರಳ’ವೆಂಬ ಹೆಸರು. ಆದರೆ ಫಲಶ್ರುತಿಯಲ್ಲಿ ಭೇದವುಂಟು. ಕನ್‌ಫ್ಯೂಷಿಯಸನು ತನ್ನ ಆಯುಸ್ಸನ್ನು ಹತ್ತುಹತ್ತರ ಮೆಟ್ಟಿಲುಗಳಾಗಿ ವಿಂಗಡಿಸಿ, ಮೂವತ್ತರಲ್ಲಿ ಸ್ಥಿರತೆಯನ್ನೂ ನಲವತ್ತರಲ್ಲಿ ನಿಸ್ಸಂಶಯತೆಯನ್ನೂ ಅರವತ್ತರಲ್ಲಿ ಕೇಳಿದುದನ್ನು ಸಮಾಧಾನದಿಂದ ಗ್ರಹಿಸುವ ಶಕ್ತಿಯನ್ನೂ ಹೇಳಿದನು. ಅಲ್ಲಿ ವಯಸ್ಸು ಆರೋಹಣ. ಕನ್ನಡದ ಗಾದೆಯಾದರೋ ಅರವತ್ತಕ್ಕೆ ಅರಳು ಮರಳು ಎಂದು ನಗುತ್ತದೆ. ಮರುಳು ಎಂದರೆ ಭ್ರಮೆ ಎಂಬ ಅರ್ಥವನ್ನು ಹಿಡಿದರೆ ಇದು ಅವರೋಹಣ. ಮರಳಿ ಅರಳುವುದೆಂಬ ಅರ್ಥವನ್ನು ಹಿಡಿದರೆ ಪುನರಾರಂಭ. ಬೇಂದ್ರೆಯವರು ೧೯೫೭ರ ತಮ್ಮ ಕವನಸಂಕಲನಕ್ಕೆ ಈ ಜೋಡಿಪದವನ್ನೇ ಹೆಸರಾಗಿಟ್ಟರು. ಶಬ್ದಶಾಸ್ತ್ರಕ್ಕೆ ಮೊದಲನೆಯ ಅರ್ಥವೇ ಹೆಚ್ಚು ಒಪ್ಪುವುದಾದರೂ, ಎರಡನೆಯದು ಜನರ ಮನಸ್ಸಿಗೆ ಹೊಳೆದುದಕ್ಕೆ ಕಾರಣ ಸಂವತ್ಸರಚಕ್ರವೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಚಕ್ರವು ಮುಗಿದಲ್ಲಿಯೇ ಮೊದಲಾಗುವುದಷ್ಟೆ.

ಅರವತ್ತರ ಅರ್ಧವಾದ ಮೂವತ್ತು ಸಹ ಚೀನದಲ್ಲಿ ಗಾದೆಯಾಗಿದೆ. ಮೂವತ್ತು ವರ್ಷ ನದಿಯ ಮೂಡಲು, ಮೂವತ್ತು ವರ್ಷ ನದಿಯ ಪಡುವಲು ಎಂಬುದು ಅಲ್ಲಿಯ ಜನರ ಮಾತು. ಊರು ಇದ್ದಲ್ಲಿಯೇ ಇರುವುದು. ಹಳದಿ ನದಿಯು ತನ್ನ ಪಾತ್ರವನ್ನು ಬದಲಿಸುವುದರಿಂದ ಮೂಡಲ ದಡದ ಊರು ಪಡುವಲ ದಡದ್ದಾಗುವುದು. ೧೮೫೫ರಲ್ಲಿ ಆ ನದಿಯು ಶಾಂಡಾಂಗ್ ಪರ್ಯಾಯದ್ವೀಪದ ದಕ್ಷಿಣವನ್ನು ಬಿಟ್ಟು ಉತ್ತರಕ್ಕೆ ಹರಿದುದು ಇತಿಹಾಸಪ್ರಸಿದ್ಧ. ಇದೇ ಭಾವವನ್ನು ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕನ್ನಡಿತಿ ಅಡಿಗೆಮನೆಯಲ್ಲಿ ನಿಂತು ಹೇಳುತ್ತಾಳೆ. ಭಾವ ಒಂದು; ಒಂದಕ್ಕೆ ಮಹಾನದಿಯ ಪ್ರವಾಹ, ಇನ್ನೊಂದಕ್ಕೆ ಒಟ್ಟುಕುಟುಂಬದ ಒಲೆ ಆಧಾರ. ಎರವಲಿನ ಮಾತಿಗೆ ಇಲ್ಲಿ ಆಸ್ಪದವೇ ಇಲ್ಲ.

೪

ಸಂವತ್ಸರದ ಹೆಸರು ಪಂಚಾಂಗದಲ್ಲಿ ಮಾತ್ರ ಉಳಿಯದೆ ಜನರ ನೆನಪಿಗೆ ಹೇಗೆ ಗೂಟವಾಯಿತೆಂಬುದಕ್ಕೆ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ನಿದರ್ಶನ. ಆ ವರ್ಷಗಳು ಧಾತು, ಈಶ್ವರ ಎಂಬ ಸಂವತ್ಸರಗಳು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದುದು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಜನರು ಈ ಆಪತ್ತನ್ನು ಕ್ರಿಸ್ತಶಕದಿಂದ ಗುರುತಿಸಲಿಲ್ಲ. ಧಾತು ಈಶ್ವರದ ಬರವೆಂದೇ ಕರೆದರು.

ಅದೇ ಕಾಲದಲ್ಲಿ ಉತ್ತರಚೀನದ ಶಾನ್‌ಶಿ, ಹನಾನ್ ಮೊದಲಾದ ಪ್ರಾಂತಗಳಲ್ಲಿ ಮಳೆ ನಿಂತು ಘೋರವಾದ ಕ್ಷಾಮವು ತಲೆದೋರಿತು. ಸತ್ತವರು ೯೦ ಲಕ್ಷದಿಂದ ೧ ಕೋಟಿ ೩೦ ಲಕ್ಷದ ವರೆಗೆಂದು ಅಂದಾಜುಗಳುಂಟು. ಚೀನೀಯರು ೧೮೭೭, ೧೮೭೮ರ ವರ್ಷಗಳ ಚಕ್ರನಾಮಗಳಾದ ಡಿಂಗ್‌ಚೌ, ವುಯಿನ್ ಎಂಬವುಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಡಿಂಗ್‌ವು ಮಹಾಬರ’ವೆಂದರು. ಶಾಂತಸಾಗರದ ನೀರು ಅಸಾಧಾರಣವಾಗಿ ಕಾದು ಮಳೆಗಾಳಿಗಳ ಕ್ರಮವು ಕೆಟ್ಟುದೇ ಎರಡು ದೇಶಗಳ ಬರಕ್ಕೂ ಮುಖ್ಯ ಕಾರಣವೆಂದು ಈಗಿನ ವಾಯುಗುಣಶಾಸ್ತ್ರಜ್ಞರ ನಿರ್ಣಯ. ಪರಸ್ಪರ ಪರಿಚಯವಿಲ್ಲದ ಎರಡು ಜನಾಂಗಗಳು ಒಂದೇ ಮೂಲದ ವಿಪತ್ತಿಗೆ ಒಂದೇ ವಿಧಾನದಿಂದ, ಎರಡೆರಡು ವರ್ಷನಾಮಗಳನ್ನು ಜೋಡಿಸಿ, ಹೆಸರಿಟ್ಟುವು. ಈ ಸಾದೃಶ್ಯವು ಎರವಲಿನದಲ್ಲ, ಕಾಲವನ್ನು ಚಕ್ರವಾಗಿ ಎಣಿಸುವವರಿಗೆ ಸಹಜವಾಗಿ ಒದಗುವ ಸಾದೃಶ್ಯ. ಅರವತ್ತು ವರ್ಷಗಳಿಗೆ ಮತ್ತೆ ಅದೇ ಹೆಸರು ಬರುವುದರಿಂದ ಇಂತಹ ನಾಮಕರಣವು ಸ್ಮರಣೆಯೂ ಹೌದು, ಎಚ್ಚರಿಕೆಯೂ ಹೌದು.

೫

ಬರ, ಯುದ್ಧ, ರೋಗಗಳಿಂದ ಊರು ಬಿಟ್ಟುಹೋದುದನ್ನು ಕಂದಾಯದ ಲೆಕ್ಕಗಳಲ್ಲಿ ‘ಬೇಚಿರಾಕ್ ಗ್ರಾಮ’ವೆಂದು ಬರೆಯುವುದು ರೂಢಿ. ಇದು ಪಾರಸಿಯ ಮಾತು. ಬೇ ಎಂದರೆ ಇಲ್ಲದ, ಚಿರಾಗ್ ಎಂದರೆ ದೀಪ. ದೀಪವಿಲ್ಲದ ಊರು ಎಂಬೀ ಕಚೇರಿಯ ಮಾತಿನಲ್ಲಿ ಕಾವ್ಯಕ್ಕೆ ಸಲ್ಲುವ ಧ್ವನಿಯುಂಟು. ಕನ್ನಡದಲ್ಲಿ ಸಂತಾನವಿಲ್ಲದ ಮನೆಯನ್ನು ದೀಪ ಹಚ್ಚುವವರಿಲ್ಲದ ಮನೆ ಎನ್ನುವುದೂ, ಚೀನದಲ್ಲಿ ಮುಪ್ಪಿನ ಕಡೆಯ ದಿನಗಳನ್ನು ಗಾಳಿಗೊಡ್ಡಿದ ಸೊಡರಿಗೆ ಹೋಲಿಸುವುದೂ ಇದರೊಡನೆ ಪರ್ಯಾಲೋಚನೆಗೆ ಯೋಗ್ಯ. ಒಬ್ಬನ ಆಯುಸ್ಸಿಗೂ, ಮನೆತನಕ್ಕೂ, ಊರಿಗೂ ಒಂದೇ ದೀಪವು ಉಪಮಾನ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಬೇಚಿರಾಕ್ ಎಂಬ ಲೆಕ್ಕದ ಮಾತಿನೊಡನೆ ಸೇರಿಸಿ ಓದಿದಾಗಲೇ ಅದರ ನಗುವಿನ ಹಿಂದಿರುವ ದುಃಖವು ಗೋಚರವಾಗುವುದು.

ಶಾಸನಗಳ ಭಾಷೆ ಇದಕ್ಕೆ ವಿರುದ್ಧವಾದುದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ರೈಸ್ ಸಾಹೇಬರು ಸಂಪಾದಿಸಿದ ಕಡೂರು ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ಆಚಂದ್ರಾರ್ಕಸ್ಥಾಯಿಯೆಂಬ ಭಾವವು ಮತ್ತೆ ಮತ್ತೆ ಕಾಣಬರುತ್ತದೆ. ಕೊಟ್ಟವನ ಆಶಯವು ಶಾಶ್ವತತೆ. ಉಳಿದವನ ಅನುಭವವು ಪರಿವರ್ತನೆ. ಶಾಸನವು ಮೊದಲನೆಯದಕ್ಕೆ ಪ್ರಮಾಣ, ಗಾದೆಯು ಎರಡನೆಯದಕ್ಕೆ. ಒಂದನ್ನೇ ನೆಚ್ಚಿ ಬರೆದ ಚರಿತ್ರೆಯು ಒಕ್ಕಣ್ಣಿನದು.

ತರೀಕೆರೆಯ ಪಾಳೆಯಗಾರರ ಕಥೆ ಇದಕ್ಕೆ ಸಮೀಪದ ಉದಾಹರಣೆ. ಬಸವಾಪಟ್ಟಣದ ಮೂಲದವರಾದ ಆ ಮನೆತನದವರು ಬಹುಕಾಲ ಬಾಳಿ, ಹೈದರ್ ಮತ್ತು ಟೀಪುವಿನ ಕಾಲದಲ್ಲಿ ಕುಗ್ಗಿದರು. ೧೮೩೦-೩೧ರ ನಗರದ ದಂಗೆಯಲ್ಲಿ ಸರ್ಜಾ ಹನುಮಪ್ಪನಾಯಕನು ಸೇರಿದನು. ದಂಗೆಯು ಅಡಗಿತು, ಪಾಳೆಯಪಟ್ಟಿನ ಆಸೆಯೂ ಅಡಗಿತು. ೧೮೩೧ರಲ್ಲಿ ಸಂಸ್ಥಾನದ ಆಡಳಿತವೇ ಇಂಗ್ಲಿಷರ ಕಮಿಷನಿನ ವಶವಾಗಿ ೧೮೮೧ರ ವರೆಗೂ ಅಲ್ಲಿಯೇ ಉಳಿಯಿತು. ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂತಹ ಸೀಮೆಗಳ ಅನುಭವವೇ ಸರಿ.

ಇಳಿಮುಖಕ್ಕೆ ಯುದ್ಧವೇ ಬೇಕೆಂಬ ನಿಯಮವಿಲ್ಲ. ೧೮೬೩ರಲ್ಲಿ ಜಿಲ್ಲೆ ಏರ್ಪಟ್ಟಾಗ ಕಡೂರೇ ಅದರ ಮುಖ್ಯಸ್ಥಳ. ೧೮೬೫ರಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದುವು. ಅಧಿಕಾರವು ಹೋದ ಮೇಲೂ ೧೯೪೭ರ ವರೆಗೆ ಜಿಲ್ಲೆಗೆ ಕಡೂರಿನ ಹೆಸರೇ ಇದ್ದಿತು. ಬಾಳಿ ಬದುಕಿದ ಮನೆ ಎಂಬ ಕನ್ನಡದ ನುಡಿಗಟ್ಟು ಇಂತಹ ಊರಿಗೂ ಒಪ್ಪುವುದು: ಸಂಪತ್ತು ತೆರಳಿದರೂ ಹೆಸರು ಕೆಲಕಾಲ ಬಾಗಿಲಲ್ಲಿ ನಿಂತಿರುವುದು.

೬

ಆಯುಸ್ಸಿನ ಅವಸ್ಥೆಗಳನ್ನು ಹೇಳುವ ಮಾತುಗಳಲ್ಲಿ ಕಸುಬಿನ ಪ್ರಭಾವವು ಎಲ್ಲಕ್ಕಿಂತ ಹೆಚ್ಚು. ಅಜ್ಜಂಪುರವು ಅಮೃತಮಹಲ್ ತಳಿಗೆ ಪ್ರಸಿದ್ಧವಾದ ಸ್ಥಳ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ೧೮೬೦ರಲ್ಲಿ ಖರ್ಚು ಹೆಚ್ಚೆಂದು ಮಂದೆಯನ್ನು ಮಾರಿದರು. ಒಳ್ಳೆಯ ಎತ್ತುಗಳು ದುರ್ಲಭವಾಗಲು ೧೮೬೬ರಲ್ಲಿ ಮತ್ತೆ ಕಟ್ಟಬೇಕಾಯಿತು. ದನಗಾಹಿಗಳ ನಾಡಿನಲ್ಲಿ ವಯಸ್ಸನ್ನು ವರ್ಷದಿಂದಲ್ಲ, ಹಲ್ಲಿನಿಂದ ಎಣಿಸುವುದು ವಾಡಿಕೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದುದು. ಕರು, ಕಡಸು, ಪಡ್ಡೆ, ಹೋರಿ, ಎತ್ತು, ಗೊಡ್ಡು ಎಂಬಿವು ದೊಡ್ಡಿಯ ಮಾತುಗಳು. ಇವುಗಳಲ್ಲಿ ಕೆಲವು ಮನುಷ್ಯರಿಗೂ ಸಂದು ಪಡ್ಡೆಹುಡುಗರು ಎಂಬಂತಹ ಪ್ರಯೋಗಗಳಾಗಿವೆ.

ತೋಟದ ಮಾತುಗಳು ಇನ್ನೊಂದು ವರ್ಗ. ಹೂ, ಹೀಚು, ಕಾಯಿ, ದೋರೆಗಾಯಿ, ಹಣ್ಣು ಎಂಬುದು ಫಲದ ಕ್ರಮ. ಮುದುಕರನ್ನು ಹಣ್ಣುಹಣ್ಣಾದವರು ಎನ್ನುವುದು ಅದರಿಂದಲೇ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುವುದೆಂಬ ಗಾದೆ ಸರ್ವವಿದಿತ. ಇಲ್ಲಿ ಮುಪ್ಪು ಸವೆತವಲ್ಲ, ಪಾಕ. ಹಲ್ಲಿನ ಎಣಿಕೆಯಲ್ಲಿ ಮುಪ್ಪು ನಷ್ಟ, ಫಲದ ಎಣಿಕೆಯಲ್ಲಿ ಮುಪ್ಪು ಪೂರ್ಣತೆ. ಒಂದೇ ಊರಿನ ಒಂದೇ ಬಾಯಲ್ಲಿ ಈ ಎರಡು ದೃಷ್ಟಿಗಳೂ ಇರುವುದರಿಂದ, ಒಂದು ಜನಾಂಗಕ್ಕೆ ಮುಪ್ಪನ್ನು ಕುರಿತು ಒಂದೇ ಅಭಿಪ್ರಾಯವಿದೆಯೆಂದು ಒಂದು ಗಾದೆಯಿಂದ ಸಾಧಿಸಹೊರಡುವುದು ದೋಷ.

೭

ಚೀನೀಯರ ಎಲೆಯು ಉದುರಿ ಬುಡಕ್ಕೇ ಮರಳುವುದು. ಪರದೇಶಕ್ಕೆ ಹೋದವನು ಮುಪ್ಪಿನಲ್ಲಿ ಹುಟ್ಟೂರಿಗೆ ಹಿಂದಿರುಗಬೇಕೆಂಬುದು ಆ ನುಡಿಯ ಅರ್ಥ. ಕನ್ನಡದ ಗಾದೆಯು ಕೆಟ್ಟು ಪಟ್ಟಣ ಸೇರು ಎನ್ನುತ್ತದೆ. ಒಂದು ಹಿಂದಿರುಗುವ ಮಾತು, ಇನ್ನೊಂದು ಹೊರಡುವ ಮಾತು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯು ೧೮೮೯ರಲ್ಲಿ ಪೂರ್ಣವಾಗಿ, ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲು ಒಡೆದ ಮೇಲೆ, ಬೀರೂರು ಜಂಕ್ಷನ್ ಎನಿಸಿತು. ಮಲೆನಾಡಿನ ಅಡಿಕೆಗೂ ಬಯಲುಸೀಮೆಯ ತೆಂಗಿನಕಾಯಿಗೂ ಸಂಧಿಸ್ಥಾನವಾದ ಆ ಊರಿನ ಏಳಿಗೆಗೂ, ಸುತ್ತಿನ ಹಳ್ಳಿಗರು ಪಟ್ಟಣ ಸೇರುವುದಕ್ಕೂ ದಾರಿ ಒಂದೇ ಆಯಿತು. ಗಾದೆಯು ರೈಲಿಗಿಂತ ಹಳೆಯದು. ಆದರೆ ರೈಲು ಅದನ್ನು ಬುದ್ಧಿವಾದದಿಂದ ನಿತ್ಯವ್ಯವಹಾರಕ್ಕೆ ಇಳಿಸಿತು.

ಬೀರೂರಿನಲ್ಲಿಯೇ ಕಾಲದ ಮಾರ್ಪಾಡನ್ನು ನುಡಿಯುವ ಒಂದು ಸಂಪ್ರದಾಯವು ಜೀವಂತವಾಗಿದೆ. ದಸರೆಯ ಕಾಲದಲ್ಲಿ ಮೈಲಾರಲಿಂಗಸ್ವಾಮಿಯ ಕಾರಣಿಕವಾಗುವುದು. ಕಾರಣಿಕವು ಒಂದೆರಡು ಚಿಕ್ಕ ವಾಕ್ಯಗಳು ಮಾತ್ರ. ಅದರಲ್ಲಿ ಮಳೆಯೆಂದು, ಬೆಳೆಯೆಂದು, ರಾಜ್ಯದ ಏರಿಳಿತವೆಂದು ಅರ್ಥವಿಸುವವರು ಕೇಳುವವರೇ. ಫಲಭವಿಷ್ಯದ ಸತ್ಯಾಸತ್ಯವು ಇಲ್ಲಿ ಪ್ರಸ್ತುತವಲ್ಲ. ನುಡಿದುದು ಸ್ವಲ್ಪ, ತಿಳಿದುಕೊಳ್ಳಬೇಕಾದುದು ಬಹಳ ಎಂಬ ಈ ರೀತಿಯು ಚೀನದ ನಾಲ್ಕಕ್ಷರದ ನುಡಿಯ ರೀತಿಗೆ ಸಮಾನ; ಭೇದವೆಂದರೆ ಅಲ್ಲಿಯ ಕಥೆ ಹಿಂದೆ ನಡೆದುದು, ಇಲ್ಲಿಯ ಕಥೆ ಮುಂದೆ ನಡೆಯತಕ್ಕದ್ದು.

೮

ಮೇಲಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಗಾದೆಗೆ ಕರ್ತೃವಿಲ್ಲದಿದ್ದರೂ ನೆಲೆಯುಂಟು. ಆ ನೆಲೆಯನ್ನು ಲೆಕ್ಕ, ಶಾಸನ, ಗಣತಿಗಳ ಜೊತೆಗಿಟ್ಟು ನೋಡಿದರೆ ಅದು ಚರಿತ್ರೆಗೆ ಸಾಕ್ಷಿಯಾಗುವುದು. ದೂರದೇಶಗಳ ನುಡಿಗಳು ಹೋಲುವುದಕ್ಕೆ ಎರವಲೊಂದೇ ಕಾರಣವಲ್ಲ; ಕಾಲವನ್ನು ಎಣಿಸುವ ಕ್ರಮವು ಸಮಾನವಾಗಿದ್ದರೆ ಸಾಕು. ಒಂದೇ ನಾಡಿನ ಗಾದೆಗಳು ಪರಸ್ಪರ ವಿರುದ್ಧವಾಗಿರುವುದು ಆ ನಾಡಿನ ಅವಿವೇಕಕ್ಕೆ ಗುರುತಲ್ಲ, ಅದರ ಕಸುಬುಗಳು ಹಲವಾಗಿದ್ದುದಕ್ಕೆ ಗುರುತು.

ಗಾದೆಗಳನ್ನು ಅಕಾರಾದಿಯಾಗಿ ಜೋಡಿಸಿ ಅಚ್ಚುಮಾಡುವ ಕೆಲಸವು ಸಾಕಷ್ಟು ನಡೆದಿದೆ. ಯಾವ ಊರಿನಲ್ಲಿ, ಯಾವ ಕಸುಬಿನವರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಒಂದು ಗಾದೆಯನ್ನು ಕೇಳಿದುದೆಂಬುದನ್ನು ಅದರೊಡನೆಯೇ ಬರೆದಿಡುವ ಕೆಲಸವು ಮಾತ್ರ ವಿರಳ. ದನದ ಹಲ್ಲನ್ನು ನೋಡಿ ವಯಸ್ಸು ಹೇಳುವವರು ಕಡಿಮೆಯಾದಂತೆಲ್ಲ ಬಾಯಿಗೂಡಿದುದೆಂಬ ಮಾತಿನ ಅರ್ಥವೂ ಮಸುಳುತ್ತದೆ. ಆಗ ಕೋಶದಲ್ಲಿ ಪದವು ಉಳಿದರೂ ಅದು ಬೇಚಿರಾಕ್ ಗ್ರಾಮದಂತೆ, ಹೆಸರುಂಟು, ದೀಪವಿಲ್ಲ. ಸಾಹಿತ್ಯವನ್ನು ಪಾಠಹೇಳುವ ಅಧ್ಯಾಪಕರು ತಮ್ಮ ತಮ್ಮ ಸೀಮೆಯಲ್ಲಿ ಈ ಕೆಲಸವನ್ನು ಕೈಗೊಂಡರೆ ಭಾಷೆಗೂ ಚರಿತ್ರೆಗೂ ಏಕಕಾಲದಲ್ಲಿ ಉಪಕಾರವಾಗುವುದು.