ಎಂ.ಜಿ. ರಸ್ತೆಯ ಕಾಫಿ ಹೌಸ್: ಅಂಗಡಿ ಕೆಲಸಗಾರರದು, ಸೂರು ಬೇರೆಯವರದು

ಕಾಲೇಜಿನ ಸ್ಮರಣ ಸಂಚಿಕೆ ಎಂದರೆ ಪ್ರಾಂಶುಪಾಲರ ಭಾವಚಿತ್ರ, ರ‍್ಯಾಂಕ್ ಬಂದವರ ಪಟ್ಟಿ, ಕಟ್ಟಡಕ್ಕೆ ದಾನ ಕೊಟ್ಟವರ ಹೆಸರು. ಇವೆಲ್ಲ ಇರಬೇಕಾದದ್ದೇ. ಆದರೆ ಬೆಂಗಳೂರಿನಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಓದಿದ ನಾಲ್ಕು ಜನ ಈಗ ಒಂದೆಡೆ ಸೇರಿದರೆ ಮಾತು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾವ ಹೋಟೆಲಿನಲ್ಲಿ ಯಾರು ಯಾರ ಬಿಲ್ಲು ಕೊಟ್ಟರು, ಯಾವ ಮೇಜಿನಲ್ಲಿ ಯಾರ ಕವಿತೆಯನ್ನು ಹರಿದು ಹಂಚಿದರು ಎನ್ನುವ ಕಡೆಗೇ ಹೊರಳುತ್ತದೆ. ಆ ಮಾತಿನಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಬಾರದೆ ಹೋಗುವುದು ಅಪರೂಪ. 2009ರ ಏಪ್ರಿಲ್ 5 ಆ ಜಾಗದಲ್ಲಿ ಅದರ ಕೊನೆಯ ದಿನ. ನಮ್ಮ ಕಾಲೇಜಿನ ಚರಿತ್ರೆಯಲ್ಲಿ ಈ ಹೋಟೆಲಿಗೂ ಒಂದು ಅಧ್ಯಾಯ ಸಲ್ಲಬೇಕು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕಾಫಿ ಹೌಸ್ ಹುಟ್ಟಿದ್ದು ಬೆಳೆಗಾರರ ಸಂಕಟದಿಂದ. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲ ಕಚ್ಚಿತು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಬೆಳೆದದ್ದನ್ನು ಕೊಳ್ಳುವವರಿರಲಿಲ್ಲ. ದಕ್ಷಿಣದ ಕೆಲವು ಪ್ರಾಂತ್ಯಗಳನ್ನು ಬಿಟ್ಟರೆ ಈ ದೇಶದಲ್ಲಿ ಕಾಫಿ ಕುಡಿಯುವ ರೂಢಿಯೂ ಅಷ್ಟಾಗಿ ಇರಲಿಲ್ಲ. 1935ರ ಕಾನೂನಿನಂತೆ ಕಾಫಿಯ ಮೇಲೆ ಒಂದು ಸೆಸ್ ಹಾಕಿ, ಆ ಹಣದಲ್ಲಿ ಜನರಿಗೆ ಕಾಫಿಯ ರುಚಿ ಹಿಡಿಸಲು ಹೊರಟ ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿದ ಮೇಲೆ ಒಳನಾಡಿನ ಗಿರಾಕಿಯೇ ಗತಿ ಎನ್ನುವಂತಾಯಿತು. 1940ರ ದಶಕದಲ್ಲಿ ದೇಶದ ಉದ್ದಗಲಕ್ಕೆ ಸುಮಾರು 50 ಕಾಫಿ ಹೌಸ್‌ಗಳಾದವು. ನಡೆಸುತ್ತಿದ್ದದ್ದು ಕಾಫಿ ಬೋರ್ಡು. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ.

ಈ ಹುಟ್ಟನ್ನು ಇಷ್ಟು ವಿವರಿಸಲು ಕಾರಣವಿದೆ. ಕಾಫಿ ಹೌಸ್‌ನಲ್ಲಿ ಒಂದು ಲೋಟ ಕಾಫಿ ತರಿಸಿಕೊಂಡು ಎರಡು ಗಂಟೆ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಒಬ್ಬ ಬೇರರ್‌ನ ಒಳ್ಳೆಯತನ ಮಾತ್ರವಲ್ಲ. ಕಾಫಿ ಮಾರಿ ಲಾಭ ಮಾಡುವುದಕ್ಕಿಂತ ಕಾಫಿಯ ಜೊತೆ ಜನ ನೆಮ್ಮದಿಯಾಗಿ ಕೂರುವುದನ್ನು ಕಲಿಸುವುದೇ ಆ ಸಂಸ್ಥೆಯ ಮೊದಲ ಉದ್ದೇಶವಾಗಿತ್ತು. ಗಿರಾಕಿಯನ್ನು ಬೇಗ ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುವ ಲೆಕ್ಕಾಚಾರಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಆ ಉದ್ದೇಶ ಕಾಗದದಿಂದ ಅಳಿಸಿಹೋದ ಮೇಲೂ ಅಭ್ಯಾಸ ಉಳಿಯಿತು.

ಅಳಿಸಿಹೋದದ್ದು 1950ರ ದಶಕದ ನಡುವಿನಲ್ಲಿ. ಹೋಟೆಲು ನಡೆಸುವುದು ತನ್ನ ಕೆಲಸವಲ್ಲ ಎಂದು ಕಾಫಿ ಬೋರ್ಡು ಒಂದೊಂದೇ ಕಾಫಿ ಹೌಸ್ ಮುಚ್ಚತೊಡಗಿತು. ಕೆಲಸ ಕಳೆದುಕೊಂಡವರ ಪರವಾಗಿ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಕಾಸರಗೋಡಿನಿಂದ 1957ರಲ್ಲಿ ಲೋಕಸಭೆಗೆ ಆಯ್ಕೆಯಾದವರು, ಬಡಿಸುವ ಕೆಲಸಗಾರರೇ ಹೋಟೆಲು ನಡೆಸಲಿ ಎಂದು ಪಟ್ಟು ಹಿಡಿದರು. ದೇಶದ ಮೊದಲ ಕಾಫಿ ಕೆಲಸಗಾರರ ಸಹಕಾರ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ಬೆಂಗಳೂರಿನಲ್ಲಿ. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯಲ್ಲಿ ಕೆಲಸಗಾರರ ಮೊದಲ ಕಾಫಿ ಹೌಸ್ ಬಾಗಿಲು ತೆರೆಯಿತು. ಮರುವರ್ಷ ಕೇರಳದ ತ್ರಿಶ್ಶೂರಿನಲ್ಲಿ. ಬೆಂಗಳೂರಿನ ಹೆಸರಿನ ಜೊತೆ ಹೇಳಿಕೊಳ್ಳಲು ಕಾರ್ಖಾನೆಗಳಿವೆ, ಪ್ರಯೋಗಾಲಯಗಳಿವೆ, ಕಂಪ್ಯೂಟರ್ ಕಂಪನಿಗಳಿವೆ. ಲೋಟ ತೊಳೆಯುತ್ತಿದ್ದವರು, ತಟ್ಟೆ ಹೊರುತ್ತಿದ್ದವರು ಸೇರಿ ತಾವೇ ಒಡೆಯರಾದ ಈ ಸಂಗತಿಯನ್ನೂ ಅದೇ ಸಾಲಿನಲ್ಲಿ ಹೆಮ್ಮೆಯಿಂದ ಹೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಎಂ.ಜಿ. ರಸ್ತೆಯ ಕಾಫಿ ಹೌಸ್‌ನ ಒಳಗೆ ನೋಡುವಂಥ ಅಲಂಕಾರ ಏನೂ ಇರಲಿಲ್ಲ. ಸವೆದ ಮೇಜುಗಳು, ಗಟ್ಟಿ ಬೆಂಚು, ಗೋಡೆಯ ಮೇಲೆ ಕಾಫಿ ಬೋರ್ಡಿನ ಹಳೆಯ ಜಾಹೀರಾತು ಚಿತ್ರಗಳು. ದಪ್ಪ ಅಂಚಿನ ಬಿಳಿ ಕಪ್ಪು. ಬೇರರ್‌ಗಳದ್ದು ಮಾತ್ರ ದರ್ಬಾರಿನ ಉಡುಪು: ಬಿಳಿ ಅಂಗಿ, ಸೊಂಟಕ್ಕೆ ಅಗಲವಾದ ಪಟ್ಟಿ, ತಲೆಯ ಮೇಲೆ ಬೀಸಣಿಗೆಯಂತೆ ಅರಳಿದ ಗರಿ ಮಡಿಕೆಯ ಪೇಟ. ತಿಂಗಳ ಮೊದಲ ವಾರದಲ್ಲಿ ಮನೆಯಿಂದ ಮನಿಯಾರ್ಡರ್ ಬಂದಿದ್ದರೆ ಮಟನ್ ಕಟ್ಲೆಟ್, ಟೋಸ್ಟ್ ಮೇಲೆ ಕಲಕಿದ ಮೊಟ್ಟೆ. ಕೊನೆಯ ವಾರದಲ್ಲಿ ಬೈ-ಟೂ ಕಾಫಿ. ಹಾಸ್ಟೆಲಿನ ಹುಡುಗನನ್ನು ಕಂಡರೆ ತಾರೀಖು ನೋಡದೆಯೇ ಬೇರರ್‌ಗೆ ಲೆಕ್ಕ ಗೊತ್ತಾಗುತ್ತಿತ್ತು. ‘ಏನ್ ಸಾರ್, ಎರಡಾ, ಬೈ-ಟೂನಾ?’ ಎಂದು ಕೇಳುವ ಅವರ ದನಿಯಲ್ಲಿ ಎರಡಕ್ಕೂ ಒಂದೇ ಮರ್ಯಾದೆ ಇರುತ್ತಿತ್ತು. ಹದಿನೆಂಟು ವರ್ಷದ ಹುಡುಗನನ್ನು ‘ಸಾರ್’ ಎಂದು ಕರೆದ ಮೊದಲ ಜಾಗ ಅದು. ಹಳ್ಳಿಯಿಂದ ಬಂದು ಕಂಟೋನ್ಮೆಂಟಿನ ಗಾಜಿನ ಬಾಗಿಲುಗಳ ಮುಂದೆ ಕಾಲು ತಡವರಿಸುತ್ತಿದ್ದ ನಮ್ಮಂಥವರಿಗೆ ಅದರ ಬೆಲೆ ಎಷ್ಟೆಂದು ಆ ಬೇರರ್‌ಗಳಿಗೂ ಗೊತ್ತಿತ್ತೋ ಇಲ್ಲವೋ.

ಬಂದವರೂ ಎಲ್ಲ ಬಗೆಯವರು. ಪಕ್ಕದ ರಸ್ತೆಗಳ ಸೇಂಟ್ ಜೋಸೆಫ್ಸ್‌ನವರಿಗೆ ಅದು ನಡೆದು ಬರುವ ದೂರ. ಸೆಂಟ್ರಲ್ ಕಾಲೇಜಿನವರು, ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜಿನವರು ಕಬ್ಬನ್ ಪಾರ್ಕ್ ಹಾಯ್ದು ಬರುತ್ತಿದ್ದರು. ಪ್ಲಾಜಾದಲ್ಲಿ ಇಂಗ್ಲಿಷ್ ಸಿನಿಮಾ ನೋಡಿ ಬಂದವರು, ಹೈಕೋರ್ಟಿನ ಕಿರಿಯ ವಕೀಲರು, ಪತ್ರಿಕೆಯವರು, ನಾಟಕದವರು, ಕೆಲಸ ಬಿಟ್ಟವರು, ಕೆಲಸ ಸಿಗದವರು. ಹಿಂದಿನ ಚರ್ಚ್ ಸ್ಟ್ರೀಟಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ. 1971ರಲ್ಲಿ ಶುರುವಾದ ಆ ಪುಟ್ಟ ಅಂಗಡಿಯಲ್ಲಿ ಪುಸ್ತಕಗಳು ಸೂರಿನವರೆಗೆ ಪೇರಿಸಿಟ್ಟಿರುತ್ತಿದ್ದವು. ಯಾವ ರಾಶಿಯಲ್ಲಿ ಯಾವುದಿದೆ ಎಂಬುದು ಶಾನಭಾಗರಿಗೆ ಬಾಯಿಪಾಠ. ಅಲ್ಲಿ ಪುಸ್ತಕ ಕೊಂಡು ಇಲ್ಲಿ ಬಂದು ಮೊದಲ ಪುಟ ತೆರೆಯುವುದು ಅನೇಕರ ಶನಿವಾರದ ಕ್ರಮ. ಆ ಅಂಗಡಿಯೂ 2009ರಲ್ಲೇ ಮುಚ್ಚಿತು. ಒಂದೇ ವರ್ಷದಲ್ಲಿ ಕಾಫಿಯೂ ಹೋಯಿತು, ಪುಸ್ತಕವೂ ಹೋಯಿತು.

ಕನ್ನಡ ಸಾಹಿತ್ಯಕ್ಕೂ ಕಾಫಿ ಹೌಸ್‌ಗೂ ಇರುವ ನಂಟು ಹೇಳಬೇಕಾದರೆ ಮೈಸೂರಿಗೆ ಹೋಗಬೇಕು. 1950ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಅಲ್ಲಿಯ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಯು.ಆರ್. ಅನಂತಮೂರ್ತಿ ಮಹಾರಾಜ ಕಾಲೇಜಿನ ವಿದ್ಯಾರ್ಥಿ. ಸಂಜೆಯ ಹೊತ್ತು ಮೈಸೂರಿನ ಕಾಫಿ ಹೌಸ್‌ನಲ್ಲಿ ಅಡಿಗರ ಸುತ್ತ ಸೇರುತ್ತಿದ್ದ ಗೆಳೆಯರ ಮಾತು ತಮ್ಮನ್ನು ಹೇಗೆ ಬೆಳೆಸಿತು ಎಂಬುದನ್ನು ಅನಂತಮೂರ್ತಿಯವರು ಜೀವನವಿಡೀ ನೆನೆದಿದ್ದಾರೆ. ಅಡಿಗರ ‘ಚಂಡೆ ಮದ್ದಳೆ’ ಪ್ರಕಟವಾದದ್ದು 1954ರಲ್ಲಿ, ‘ಭೂಮಿಗೀತ’ 1959ರಲ್ಲಿ. ನವ್ಯ ಕಾವ್ಯದ ಈ ಎರಡು ಸಂಕಲನಗಳ ನಡುವಿನ ವರ್ಷಗಳಲ್ಲಿ ಆ ಮೇಜುಗಳ ಸುತ್ತ ನಡೆದ ವಾದ, ಜಗಳ, ಓದು ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ. ಅಧ್ಯಾಪಕ ಮತ್ತು ವಿದ್ಯಾರ್ಥಿ ಒಂದೇ ಎತ್ತರದ ಕುರ್ಚಿಯಲ್ಲಿ ಕೂರುವುದು ಆ ಕಾಲದ ಕಾಲೇಜಿನೊಳಗೆ ಸಾಧ್ಯವಿರಲಿಲ್ಲ, ಹೋಟೆಲಿನಲ್ಲಿ ಸಾಧ್ಯವಾಯಿತು. ನಮ್ಮ ನವ್ಯದ ಚರಿತ್ರೆ ಬರೆಯುವವರು ಇಂಗ್ಲಿಷ್ ಕವಿ ಎಲಿಯಟ್‌ನ ಪ್ರಭಾವಕ್ಕೆ ಕೊಡುವ ಪುಟಗಳಲ್ಲಿ ಒಂದೆರಡನ್ನಾದರೂ ಈ ಮೇಜುಗಳಿಗೆ ಮೀಸಲಿಡಬೇಕು.

ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಬಸವನಗುಡಿ ಮಲ್ಲೇಶ್ವರಗಳಲ್ಲಿ, ವಿದ್ಯಾರ್ಥಿಗಳನ್ನು ಸಾಕಿದ್ದು ಉಡುಪಿ ಕಡೆಯಿಂದ, ಕರಾವಳಿಯಿಂದ ಬಂದವರ ಹೋಟೆಲುಗಳು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದೇ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರನ್ನು ನಂಬಿ. ಹೆಸರಿನಲ್ಲೇ ಅದು ಇದೆ. ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಸಂಕಲನದ ಹೆಸರೇ ‘ಮನಸು ಗಾಂಧಿಬಜಾರು’. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಲ್ಲಿ ಗೋಪಿನಾಥ ಪ್ರಭು ತೆರೆದ ನ್ಯೂ ಕೃಷ್ಣ ಭವನದಲ್ಲಿ ಬಟನ್ ಇಡ್ಲಿ ತಿಂದು ಪರೀಕ್ಷೆಗೆ ಹೋದವರು ಎಷ್ಟು ತಲೆಮಾರಿನವರೋ. ವಿದ್ಯಾರ್ಥಿ ಭವನ ಇವತ್ತಿಗೂ ನಡೆಯುತ್ತಿದೆ. ನ್ಯೂ ಕೃಷ್ಣ ಭವನ 2023ರ ಡಿಸೆಂಬರ್ 6ರಂದು ಮುಚ್ಚಿತು. ಮುಚ್ಚುವ ಸುದ್ದಿ ಹರಡಿದ ಮೇಲೆ ಕೊನೆಯ ದಿನಗಳಲ್ಲಿ ಅಲ್ಲಿ ಕೂರಲು ಜಾಗವಿರಲಿಲ್ಲ.

ಜನ ಬಾರದೆ ಈ ಹೋಟೆಲುಗಳು ಸತ್ತವು ಎಂದು ಹೇಳುವವರಿದ್ದಾರೆ. ಕಾಲ ಬದಲಾಯಿತು, ಹುಡುಗರ ರುಚಿ ಬದಲಾಯಿತು ಎಂದು ಹೇಳುವವರೂ ಇದ್ದಾರೆ. ಬದಲಾದದ್ದು ನಿಜ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕೂಪನ್ ಕೊಂಡು, ನಿಂತು ತಿಂದು, ಕೈ ತೊಳೆದು ಹೊರಡುವ ಪದ್ಧತಿ ಊರಿಗೆಲ್ಲ ಹಬ್ಬಿತು. ಬಡ ವಿದ್ಯಾರ್ಥಿಗೆ ಕಡಿಮೆ ಬೆಲೆಗೆ ಶುಚಿಯಾದ ತಿಂಡಿ ಸಿಕ್ಕಿತು, ಅದು ದೊಡ್ಡ ಉಪಕಾರ. ಆದರೆ ಅಲ್ಲಿ ಕುರ್ಚಿ ಇಲ್ಲ; ಕುರ್ಚಿ ಇಲ್ಲದೆಡೆ ಹರಟೆ ಬೇರು ಬಿಡುವುದಿಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಂತು. ಅಲ್ಲಿ ಮೆತ್ತನೆಯ ಕುರ್ಚಿಯಿತ್ತು, ಹಾಸ್ಟೆಲಿನ ಹುಡುಗನ ಜೇಬಿಗೆ ನಿಲುಕುವ ಬೆಲೆಯಿರಲಿಲ್ಲ. ಹೀಗಿದ್ದೂ ಎಂ.ಜಿ. ರಸ್ತೆಯ ಕಾಫಿ ಹೌಸ್‌ನ ಮೇಜುಗಳು ಕೊನೆಯವರೆಗೂ ಖಾಲಿ ಬೀಳಲಿಲ್ಲ. ಬೆಳಗಿನ ತಿಂಡಿಗೆ ಮೇಜಿಗಾಗಿ ಕಾಯುವವರು ಇದ್ದೇ ಇರುತ್ತಿದ್ದರು.

ಹಾಗಾದರೆ ಮುಚ್ಚಿದ್ದೇಕೆ? ಸಹಕಾರ ಸಂಘಕ್ಕೆ 1957ರಲ್ಲಿ ದಕ್ಕಿದ್ದು ವ್ಯವಹಾರ, ನೆಲ ದಕ್ಕಲಿಲ್ಲ. ಕೆಲಸಗಾರರು ಅಂಗಡಿಗೆ ಒಡೆಯರಾದರು, ಕಟ್ಟಡಕ್ಕೆ ಬಾಡಿಗೆದಾರರಾಗಿಯೇ ಉಳಿದರು. ಎಂ.ಜಿ. ರಸ್ತೆಯ ನೆಲದ ಬೆಲೆ ಏರುತ್ತಾ ಹೋದಂತೆ ಕಡಿಮೆ ಬೆಲೆಯ ಕಾಫಿ ಮಾರಿ ಆ ಜಾಗದಲ್ಲಿ ಇರುವುದು ಅಸಾಧ್ಯವಾಗುತ್ತಾ ಬಂತು. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆದಾರರಿಗೆ ಸಾಕಷ್ಟು ರಕ್ಷಣೆ ಕೊಟ್ಟಿತ್ತು. ಅದರ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ವ್ಯಾಪಾರದ ಮಳಿಗೆಗಳಲ್ಲಿ 14 ಚದರ ಮೀಟರ್ ಒಳಗಿನವುಗಳನ್ನು ಮಾತ್ರ ತನ್ನ ವ್ಯಾಪ್ತಿಯಲ್ಲಿ ಉಳಿಸಿಕೊಂಡಿತು. ಒಂದು ಪಾನ್ ಅಂಗಡಿ ಆ ಅಳತೆಯಲ್ಲಿ ಹಿಡಿಸೀತು. ನಲವತ್ತು ಜನ ಕೂತು ವಾದ ಮಾಡುವ ಹಜಾರ ಹಿಡಿಸುವುದಿಲ್ಲ. ಕಟ್ಟಡದ ಒಡೆಯರದ್ದು ಅನ್ಯಾಯ ಎಂದು ನಾನು ಹೇಳುತ್ತಿಲ್ಲ, ಅವರ ಹಕ್ಕು ಅವರದು. ಹೈಕೋರ್ಟು, ವಿಧಾನಸೌಧ, ವಿಶ್ವವಿದ್ಯಾಲಯ ಎಲ್ಲ ಇರುವ ಊರಿನಲ್ಲಿ, ಜನ ಸೇರಿ ಮಾತಾಡುವ ಜಾಗವೂ ಊರಿನ ಆಸ್ತಿ ಎಂದು ಯಾರಿಗೂ ತೋಚಲಿಲ್ಲವಲ್ಲ ಎಂಬುದು ನನ್ನ ಕೊರಗು. ವರ್ಷಗಟ್ಟಲೆ ನಡೆದ ವ್ಯಾಜ್ಯ ಮುಗಿದು ಸಂಘ ಜಾಗ ಬಿಡಬೇಕಾಯಿತು. ಅದೇ ವರ್ಷ ಚರ್ಚ್ ಸ್ಟ್ರೀಟಿನ ಒಂದು ಮಳಿಗೆಯಲ್ಲಿ ಕಾಫಿ ಹೌಸ್ ಮತ್ತೆ ತೆರೆಯಿತು; ಪೇಟ ಬಂತು, ಕಟ್ಲೆಟ್ ಬಂತು, ಹಳೆಯ ಬೇರರ್‌ಗಳೂ ಬಂದರು. ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಕಾಮಗಾರಿಗೆ ನೆರಳುಸಾಲು ಉರುಳಿ, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಅಲ್ಲಿಗೆ ಮೊದಲ ರೈಲು ಓಡಿತು. ನಾವು ಕಂಡಿದ್ದ ರಸ್ತೆಯೇ ಉಳಿಯಲಿಲ್ಲ.

ಬೇರೆ ಊರಿನ ಎರಡು ಉದಾಹರಣೆ ಇಲ್ಲಿ ಹೇಳಲೇಬೇಕು. ದೆಹಲಿಯ ಕನಾಟ್ ಪ್ಲೇಸಿನಲ್ಲಿದ್ದ ಕಾಫಿ ಹೌಸನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ನೆಲಸಮ ಮಾಡಲಾಯಿತು. ಅಲ್ಲಿ ಕೂತು ಜನ ಆಡುವ ಮಾತಿಗೆ ಸರ್ಕಾರವೊಂದು ಎಷ್ಟು ಹೆದರಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಕಲ್ಕತ್ತೆಯ ಕಾಲೇಜ್ ಸ್ಟ್ರೀಟಿನ ಕತೆ ಬೇರೆ. ಆಲ್ಬರ್ಟ್ ಹಾಲ್‌ನ ಕಾಫಿ ಹೌಸ್ 1958ರಲ್ಲಿ ಮುಚ್ಚಿತ್ತು. ಪ್ರೆಸಿಡೆನ್ಸಿ ಕಾಲೇಜು ಮತ್ತು ಕಲ್ಕತ್ತ ವಿಶ್ವವಿದ್ಯಾಲಯದ ಅಧ್ಯಾಪಕರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಅದೇ ವರ್ಷ ಅದು ಮತ್ತೆ ತೆರೆಯಿತು. ವಿದ್ಯಾರ್ಥಿಗಳು ಹಾಳಾಗುತ್ತಾರೆ ಎಂದು ಹೋಟೆಲಿನ ಮೇಲೆ ಕಣ್ಣಿಡುವ ಮೇಷ್ಟ್ರುಗಳನ್ನೇ ನೋಡಿ ಬೆಳೆದ ನಮಗೆ ಈ ಸಂಗತಿ ಕಣ್ಣು ತೆರೆಸಬೇಕು. ನಮ್ಮಲ್ಲಿ 2009ರಲ್ಲಿ ಕೊನೆಯ ಕಾಫಿ ಕುಡಿಯಲು ಸಾಲುಗಟ್ಟಿ ಬಂದವರು ಬಹಳ ಮಂದಿ. ಪತ್ರಿಕೆಗಳಲ್ಲಿ ನೆನಪು ಬರೆದವರೂ ಬಹಳ ಮಂದಿ. ಅಷ್ಟೇ ಪ್ರೀತಿಯಿಂದ ಐದು ವರ್ಷ ಮೊದಲೇ ಕಾಲೇಜುಗಳ ಅಧ್ಯಾಪಕರ ಸಂಘಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಸೇರಿ ಸರ್ಕಾರದ ಬಾಗಿಲು ತಟ್ಟಬಹುದಿತ್ತು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ಎರಡು ಕೋರಿಕೆ. ನಿಮ್ಮ ಟ್ರಂಕಿನಲ್ಲಿ ಕಾಫಿ ಹೌಸ್‌ನ ಹಳೆಯ ಫೋಟೊ, ಬಿಲ್ಲು, ಮೆನು ಕಾರ್ಡು, ಮೇಜಿನ ಮೇಲೆ ಬರೆದ ಪತ್ರ ಏನಾದರೂ ಇದ್ದರೆ ಅದರ ಹಿಂದೆ ಇಸವಿ ಬರೆದು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಅಲ್ಲಿ ಕೆಲಸ ಮಾಡಿ ನಿವೃತ್ತರಾದ ಬೇರರ್, ಅಡುಗೆಯವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಅವರ ಮಾತನ್ನು ಧ್ವನಿಮುದ್ರಿಸಿ ಕೊಡಿ. ಎರಡನೆಯದು, ನಿಮ್ಮ ಮಕ್ಕಳು ಮೊಮ್ಮಕ್ಕಳು ಓದುವ ಊರಿನಲ್ಲಿ, ಧಾರವಾಡವಿರಲಿ ಮೈಸೂರಿರಲಿ ಮಣಿಪಾಲವಿರಲಿ, ಹುಡುಗರನ್ನು ಗಂಟೆಗಟ್ಟಲೆ ಕೂರಲು ಬಿಡುವ ಹಳೆಯ ಹೋಟೆಲು ಒಂದು ಇದ್ದೇ ಇರುತ್ತದೆ. ಅದರ ಗಲ್ಲಾದಲ್ಲಿ ಕೂತವರನ್ನು ಕಟ್ಟಡ ಸ್ವಂತದ್ದೋ ಬಾಡಿಗೆಯದೋ ಎಂದು ಈಗಲೇ ಕೇಳಿ. ಬಾಡಿಗೆಯದಾದರೆ, ನೋಟಿಸು ಬರುವ ಮೊದಲೇ ನಿಮ್ಮ ಸಂಘದ ಸಭೆಯಲ್ಲಿ ಆ ವಿಷಯ ಎತ್ತಿ.